ಸೂಜಿಗೆ ಮೊದಲು ಸಾವಿತ್ರಮ್ಮ ಸಿಸ್ಟರ್

ಸಾವಿತ್ರಮ್ಮ ಸಿಸ್ಟರ್ ಔಷಧದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನ ಎಲ್ಲವನ್ನೂ ಬಾಯಿಬಿಟ್ಟು ಓದುತ್ತಿದ್ದರು. ನಿನ್ನೆಯ ಡಬ್ಬಿಯದೇ ಸೀಸೆಯಾದರೂ ಇಂದು ಮತ್ತೆ ಓದಬೇಕು. ನಡುವೆ ಯಾರಾದರೂ ಮಾತಾಡಿದರೆ ಮೊದಲಿನಿಂದ ಶುರು.

ಹರಿಹರದಲ್ಲಿ ನಮ್ಮ ಹಿಂದಿನ ಬೀದಿಯವರು. ದಾವಣಗೆರೆಯಲ್ಲಿ ನರ್ಸಾಗಿದ್ದು ನಿವೃತ್ತರಾಗಿದ್ದರು. ಒಮ್ಮೆ ಅವರ ಪಕ್ಕದ ಮನೆಯವರು ತಮ್ಮ ಜ್ವರಕ್ಕೆ ತಾವೇ ಅಂಗಡಿಯಿಂದ ಇಂಜೆಕ್ಷನ್ ತಂದು ಚುಚ್ಚಿಸಿಕೊಳ್ಳಲು ಬಂದರು. "ಸೂಜಿ ಹಾಕಾದು ನಂಗೆ ಗೊತ್ತೈತೆ. ಯಾರಿಗೆ ಯಾವ್ದು ಅನ್ನಾದು ಡಾಕ್ಟ್ರಿಗೆ ಗೊತ್ತು. ಚೀಟಿ ತಗಂಬರ್ರಿ" ಎಂದು ಸಿಸ್ಟರ್ ವಾಪಸು ಕಳಿಸಿದರು. ಆ ಮನೆಯವರು ಬಹಳ ದಿನ ಅವರೊಂದಿಗೆ ಮಾತು ಬಿಟ್ಟಿದ್ದರು.

ಹೋದ ವರ್ಷ ನಮ್ಮ ಅಮ್ಮನ ಮೂತ್ರದ ಸೋಂಕು ಯಾವ ಮಾತ್ರೆಗೂ ಬಗ್ಗಲಿಲ್ಲ. ದಾವಣಗೆರೆಯ ಡಾಕ್ಟರು ಹತ್ತು ದಿನದ ಇಂಜೆಕ್ಷನ್ ಬರೆದು, "ಇದು ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಹುದು, ಹುಷಾರಾಗಿರಿ" ಎಂದರು. ಸಿಸ್ಟರ್ ದಿನಾ ಬೆಳಿಗ್ಗೆ ಬರುತ್ತಿದ್ದರು. ನಡುವೆ ಮಾಡಿಸಿದ ಕಿಡ್ನಿ ಪರೀಕ್ಷೆಯೂ ಸರಿಯಾಗಿ ಬಂತು.

ಸೂಜಿಗೆ ಮೊದಲು ಅಮ್ಮನ ಎದುರು ಕೂತು ಕೇಳುತ್ತಿದ್ದರು: "ಅಮ್ಮಾರೆ, ಮೂತ್ರ ಸಲೀಸಾಗಿ ಆತಾ? ತಲೆ ತಿರುಗ್ತೈತಾ? ಕಿವ್ಯಾಗೆ ಗುಂಯ್ ಅಂತೈತಾ?"

"ಏನೂ ಇಲ್ಲ ಸಿಸ್ಟರ್, ಹಾಕ್ರಿ" ಎನ್ನುತ್ತಿದ್ದರು ಅಮ್ಮ.

ಏಳನೆಯ ದಿನ ಸಿಸ್ಟರ್ ಸಿರಿಂಜಿಗೆ ಔಷಧ ಎಳೆದುಕೊಳ್ಳುತ್ತಲೇ ಅಮ್ಮನ ಬೆನ್ನ ಹಿಂದಿನಿಂದ ಅದನ್ನೇ ಕೇಳಿದರು. ಅಮ್ಮ ತಿರುಗಲಿಲ್ಲ. ಇನ್ನೊಮ್ಮೆ ಕೇಳಿದರೂ ಅಲ್ಲಾಡಲಿಲ್ಲ. ಸಿಸ್ಟರ್ ಸಿರಿಂಜನ್ನು ತಟ್ಟೆಯಲ್ಲಿಟ್ಟು ಎದುರಿಗೆ ಬಂದರು.

"ಯಾವಾಗಿಂದ ಹಿಂಗಾಗೈತೆ ಅಮ್ಮಾರೆ?"

ಅಮ್ಮ ಅವರ ತುಟಿಯನ್ನೇ ನೋಡಿದರು. "ಮೂರು ದಿನಾತು. ಹೇಳಿದ್ರೆ ನಿಲ್ಲಿಸಿ ಮತ್ತೆ ಆಸ್ಪತ್ರಿಗೆ ಹಾಕ್ತೀರಿ. ಅಲ್ಲಿ ಮಲಗಾದು ನನ್ನ ಕೈಲಾಗಲ್ಲ."

ಟಿ.ವಿ. ಸದ್ದು ಜೋರಾಗಿದ್ದನ್ನು ನಾನೂ ಗಮನಿಸಿದ್ದೆ. ವಯಸ್ಸು ಎಂದುಕೊಂಡು ಸುಮ್ಮನಿದ್ದೆ.

ಸಿಸ್ಟರ್ ಆ ದಿನ ಸೂಜಿ ಹಾಕಲಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. ಅಮ್ಮನನ್ನು ದಾವಣಗೆರೆಗೆ ಕರೆದೊಯ್ದೆವು. ಡ್ರಿಪ್‌ನಲ್ಲಿ ಬೇರೆ ಔಷಧ ಕೊಟ್ಟರು, ಸೋಂಕು ಹೋಯಿತು. ಹೋದ ಕಿವಿ ಬರುವುದಿಲ್ಲ ಎಂದರು ಡಾಕ್ಟರು.

"ನೀವು ದಿನಾ ಕೇಳಿದ್ರಲ್ಲ ಸಿಸ್ಟರ್, ನಿಮ್ಮದೇನು ತಪ್ಪೈತೆ?" ಎಂದೆ.

"ಕೇಳಿದೆ, ಇಲ್ಲ ಅಂದ್ರೆ ನಂಬಿದೆ. ಮೂರು ದಿನ ಮೊದ್ಲೇ ಹಿಂದ್ ನಿಂತು ಕೂಗಿ ನೋಡ್ಬೇಕಿತ್ತು" ಎಂದರು.

ಅಮ್ಮ ಮನೆಗೆ ಬಂದ ಮೇಲೆ ಒಂದು ಸಂಜೆ ಸಿಸ್ಟರ್ ನೋಡಲು ಬಂದರು. ಅಮ್ಮನೇ ಕಾಫಿ ಮಾಡಿ ತಂದರು. ಸಿಸ್ಟರ್ ಲೋಟ ಹಿಡಿದು, ತಲೆ ತಗ್ಗಿಸಿ, ಮೆಲ್ಲಗೆ ಅಂದರು: "ಅಮ್ಮಾರೆ, ನನ್ನ ಕೈಯಿಂದ್ಲೇ ಹಿಂಗಾತು. ಮನಸ್ನಾಗೆ ಇಟ್ಕಬ್ಯಾಡ್ರಿ."

ಅಮ್ಮ ನಕ್ಕು, "ಸಕ್ಕರೆ ಹಾಕೇನಿ, ಕುಡೀರಿ" ಎಂದರು.

ಸಿಸ್ಟರ್ ಅಂದದ್ದನ್ನು ಅಮ್ಮನ ಕಿವಿಯ ಹತ್ತಿರ ನಾನು ಜೋರಾಗಿ ಹೇಳಬಹುದಿತ್ತು. ಹೇಳಲಿಲ್ಲ. ಸಿಸ್ಟರ್ ಕಾಫಿ ಪೂರ್ತಿ ಕುಡಿದು ಎದ್ದು ಹೋದರು. ಆಮೇಲೆ ನಮ್ಮ ಮನೆಗೆ ಬರಲಿಲ್ಲ.