ಇಸ್ತ್ರಿ ಬಿದ್ದ ಆಕ್ಷೇಪಣೆ

ಶಂಕರಪುರದ ಮೈದಾನದ ಗೋಡೆಗೆ ಒರಗಿದಂತೆ ಬೆಳೆದ ಹೊಂಗೆ ಮರದ ಕೆಳಗೆ ಶೀನಣ್ಣನ ಇಸ್ತ್ರಿ ಗಾಡಿ ಬಂದು ನಿಂತು ಮೂವತ್ತೊಂದು ವರ್ಷವಾಯಿತು. ಗಾಡಿಗೆ ನಾಲ್ಕು ಚಕ್ರ ಇದೆ ಎಂಬುದನ್ನು ಅವನೂ ಮರೆತಿದ್ದಾನೆ, ಚಕ್ರಗಳೂ ಮರೆತಿವೆ. ಒಂದಂತೂ ಅರ್ಧ ಮಣ್ಣಿನಲ್ಲಿ ಹೂತುಕೊಂಡು ಮರದ ಬೇರಿನ ಜೊತೆ ನೆಂಟಸ್ತನ ಬೆಳೆಸಿದೆ. ಬೆಳಿಗ್ಗೆ ಏಳಕ್ಕೆ ಮಾವಳ್ಳಿಯ ಮನೆಯಿಂದ ನಡೆದು ಬಂದು, ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬಿ, ಊದಿ ಕೆಂಡ ಮಾಡಿ, ಎಂಟಕ್ಕೆಲ್ಲ ಮೊದಲ ಅಂಗಿ ಹರಡುತ್ತಾನೆ. ಬಟ್ಟೆ ನೋಡಿದರೆ ಸಾಕು, ಯಾವ ಮನೆಯದು, ಯಾವ ಮಹಡಿಯದು, ಆ ಮನೆಯವರು ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರೆ ಎಲ್ಲವೂ ಅವನಿಗೆ ಗೊತ್ತು.

ಸುಕ್ಕು ಕಂಡರೆ ಅವನಿಗೆ ಆಗದು. ಬಟ್ಟೆಯದಷ್ಟೇ ಅಲ್ಲ. ಓದಲು ಇಸಕೊಂಡ ಪೇಪರನ್ನು ವಾಪಸು ಕೊಡುವಾಗಲೂ ಅಂಗೈಯಲ್ಲಿ ತಟ್ಟಿ ತಟ್ಟಿ ಮಡಿಕೆ ಸರಿಮಾಡುತ್ತಾನೆ. ಎದುರು ಮನೆಯ ಪ್ರಿಯಂವದಾಳ ಮಗಳು ತನ್ಮಯಿ ಮೂರನೇ ಕ್ಲಾಸು. ಸ್ಕೂಲ್ ಬ್ಯಾಗಿನಲ್ಲಿ ಮುದ್ದೆಯಾದ ಚಾರ್ಟ್ ಹಾಳೆ ತಂದುಕೊಟ್ಟರೆ ಅದರ ಮೇಲೆ ಹಳೇ ಪಂಚೆ ತುಂಡು ಹಾಸಿ, ಹಗುರಾಗಿ ಪೆಟ್ಟಿಗೆ ಆಡಿಸಿ, ಅಂಗಡಿಯಿಂದ ಈಗಷ್ಟೇ ತಂದಂತೆ ಮಾಡಿಕೊಡುತ್ತಾನೆ. "ಇನ್ನೊಬ್ಬರ ಕೈಗೆ ಕೊಡೋ ವಸ್ತು ಸುಕ್ಕಾಗಿರಬಾರದು" ಎನ್ನುವುದು ಕಸುಬು ಕಲಿಸಿದ ಸೋದರಮಾವನ ಮಾತು. ಮಾವ ಹೋದರೂ ಮಾತು ಉಳಿದಿತ್ತು.

ಹೋದ ತಿಂಗಳು ಮೈದಾನದ ಗೇಟಿಗೆ ಒಂದು ಬೋರ್ಡು ಬಿತ್ತು. ಒಂಬತ್ತು ಸಾವಿರ ಜನ ಕೂರುವ ಫುಟ್‌ಬಾಲ್ ಸ್ಟೇಡಿಯಂ, ಅದರ ಬೆನ್ನಿಗೆ ಇಪ್ಪತ್ತಿಪ್ಪತ್ತು ಅಂತಸ್ತಿನ ಮೂರು ಅಪಾರ್ಟ್‌ಮೆಂಟು, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಸಲ್ಲಿಸಬೇಕು. ಬೋರ್ಡಿನ ಬಣ್ಣದ ಚಿತ್ರದಲ್ಲಿ ಹೊಂಗೆ ಮರ ಇರಬೇಕಾದ ಕಡೆ ಟಿಕೆಟ್ ಕೌಂಟರ್ ಇತ್ತು. ಅದರ ಮುಂದೆ ಗರಿಗರಿ ಸೂಟು ಹಾಕಿದ ಗಂಡಸೊಬ್ಬ ನಗುತ್ತ ನಡೆಯುತ್ತಿದ್ದ. ಶೀನಣ್ಣ ಅವನನ್ನೇ ನೋಡಿದ. ಅಷ್ಟು ಚೆಂದ ಇಸ್ತ್ರಿ ಮಾಡಿದವನು ಎಲ್ಲಿ ನಿಂತು ಮಾಡಿದನೋ, ಚಿತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಬಡಾವಣೆ ಸಂಘದ ಅಧ್ಯಕ್ಷರು ಬದರೀನಾರಾಯಣ, ಎಪ್ಪತ್ತಾರರ ನಿವೃತ್ತ ಹೆಡ್‌ಮಾಸ್ಟರು. ಮೂವತ್ತು ದಿನದಲ್ಲಿ ಹತ್ತೊಂಬತ್ತು ದಿನ ಆಕ್ಷೇಪಣೆಯ ಕರಡು ತಿದ್ದುವುದಕ್ಕೇ ಹೋಯಿತು. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಪುಟ, ಹನ್ನೆರಡು ಅಂಶ ಸಿದ್ಧವಾಯಿತು. ಮನೆಗೊಂದರಂತೆ ನಲವತ್ತೆರಡು ಪ್ರತಿ. ಪ್ರತಿಯೊಂದಕ್ಕೂ ಆಯಾ ಮನೆಯವರ ಹೆಸರು, ವಿಳಾಸ, ಸಹಿ ಬೇಕು. ತಿರುಗುವವರು ಯಾರು ಎಂದಾಗ ಸಂಘದವರಿಗೆಲ್ಲ ಒಟ್ಟಿಗೇ ಮಂಡಿನೋವು ಬಂತು.

"ಶೀನ, ನೀನು ಹೇಗೂ ಬಟ್ಟೆ ಕೊಡೋಕೆ ಮನೆಮನೆಗೆ ಹೋಗ್ತೀಯಲ್ಲ. ಜೊತೆಗೆ ಇದನ್ನೂ ಹಿಡ್ಕೊಂಡ್ಹೋಗು" ಎಂದರು ಬದರೀನಾರಾಯಣ. "ನಿನಗೂ ಒಳ್ಳೇದೇ ಕಣಯ್ಯ. ಸ್ಟೇಡಿಯಂ ಬಂದ್ರೆ ನಿನ್ನ ಗಾಡಿ ಎಲ್ಲಿರತ್ತೆ?"

ಆ ಒಂದು ಮಾತಿಗೆ ಶೀನಣ್ಣ ಒಪ್ಪಿದ. ಸಹಿ ಹಾಕಲು ಪೆನ್ನು ಬೇಕಾಗಿ ಬದರೀನಾರಾಯಣರು ಎದುರು ಮನೆಯತ್ತ ಕೈಚಾಚಿದಾಗ ಪ್ರಿಯಂವದಾ ಕೈಗೆ ಸಿಕ್ಕಿದ್ದನ್ನು ತಂದುಕೊಟ್ಟಳು: ಕ್ಯಾಪಿನ ಮೇಲೆ ಮೊಲದ ತಲೆ ಇದ್ದ, ತನ್ಮಯಿಯ ನೀಲಿ ಪೆನ್ನು. ಕೊಟ್ಟ ಪೆನ್ನು ಯಾವತ್ತೂ ವಾಪಸು ಬರುವುದಿಲ್ಲ ಎಂದು ಮೂವತ್ತೈದು ವರ್ಷ ಸ್ಕೂಲಿನಲ್ಲಿ ಕಂಡಿದ್ದ ಹೆಡ್‌ಮಾಸ್ಟರು ಅದನ್ನು ಪೋಸ್ಟಾಫೀಸಿನಲ್ಲಿ ಇರುವ ಹಾಗೆ ದಾರ ಹಾಕಿ, ಹಾಳೆ ಸಿಕ್ಕಿಸಿದ್ದ ಪ್ಯಾಡಿಗೆ ಬಿಗಿಯಾಗಿ ಕಟ್ಟಿದರು. "ಎಲ್ಲರೂ ಇದರಲ್ಲೇ ಹಾಕ್ಲಿ."

ಎಲ್ಲರೂ ಅದರಲ್ಲೇ ಹಾಕಿದರು. ಹಾಕುವ ಮುಂಚೆ ಹೇಳಬೇಕಾದ್ದೆಲ್ಲ ಶೀನಣ್ಣನಿಗೆ ಹೇಳಿದರು.

"ಸ್ಟೇಡಿಯಂ ಬೇಡವೇ ಬೇಡ. ಆದ್ರೆ ಅಪಾರ್ಟ್‌ಮೆಂಟ್ ಬಂದ್ರೆ ಬರ್ಲಿ ಬಿಡು, ನಮ್ ಸೈಟಿಗೂ ಒಂದು ಬೆಲೆ ಬರತ್ತೆ" ಎಂದ ಮೂಲೆ ಮನೆಯ ಏಕಾಂತಯ್ಯ. ಅವನ ಮಹಡಿಯ ಬಾಡಿಗೆದಾರ ಸಮರ್ಥ ತಲೆ ಅಲ್ಲಾಡಿಸಿದ. "ಅಣ್ಣ, ಸ್ಟೇಡಿಯಂ ಸೂಪರ್. ಆ ಅಪಾರ್ಟ್‌ಮೆಂಟೇ ಪ್ರಾಬ್ಲಮ್ಮು. ಈಗ್ಲೇ ವಾರಕ್ಕೆರಡು ಸಲ ನೀರು." ಇಬ್ಬರೂ ಒಂದೇ ಒಕ್ಕಣೆಗೆ ಸಹಿ ಹಾಕಿದರು. ಭಾಗೀರಥಮ್ಮನವರಿಗೆ ರೆಫರಿಯ ಸೀಟಿಯದೇ ಚಿಂತೆ.

"ಪೂಜೆ ಹೊತ್ತಿಗೆ ಪೀಪಿ ಊದಿದ್ರೆ ನನಗೆ ಮಂತ್ರ ತಪ್ಪತ್ತೆ ಕಣೋ. ಅದನ್ನ ಬರ್ದಿದಾರಾ ಇದ್ರಲ್ಲಿ?"

"ನನಗೆ ಇಂಗ್ಲಿಷ್ ಬರಲ್ವಲ್ಲ ಅಮ್ಮ."

"ಮತ್ತೆ ಏನು ಅಂತ ಹೊತ್ಕೊಂಡು ತಿರುಗ್ತಿದೀಯೋ?"

ಇದೇ ಪ್ರಶ್ನೆಯನ್ನು ಮನೆಯಲ್ಲಿ ಹೆಂಡತಿ ಲಕ್ಷ್ಮೀದೇವಮ್ಮನೂ ಕೇಳಿದ್ದಳು. "ಓದಿರೋರು ಬರ್ದಿರೋದು, ತಪ್ಪಿರತ್ತೇನೇ?" ಎಂದು ಅವಳ ಬಾಯಿ ಮುಚ್ಚಿಸಿದ್ದ. ಹತ್ತು ದಿನದಲ್ಲಿ ನಲವತ್ತೆರಡು ಮನೆ ಮುಗಿಸುವಷ್ಟರಲ್ಲಿ ಅವನ ಇಸ್ತ್ರಿ ಕೆಲಸ ಅರ್ಧಕ್ಕೆ ಇಳಿದಿತ್ತು, ತಾಳ್ಮೆ ಅದಕ್ಕಿಂತ ಕೆಳಗೆ.

ಗುರುವಾರ ಮಧ್ಯಾಹ್ನ ಪ್ಯಾಡು ಬಿಚ್ಚಿ ನೋಡಿದಾಗ ಅವನಿಗೆ ಸಂಕಟವಾಯಿತು. ಶುಕ್ರವಾರ ನಾಲ್ಕು ಗಂಟೆಗೆ ಕೊನೆ. ಏಕಾಂತಯ್ಯ ತನ್ನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು ಎರಡು ದಿನ ಓಡಾಡಿದ್ದ. ಒಂದು ಮನೆಯಲ್ಲಿ ಒದ್ದೆ ಕೈ, ಇನ್ನೊಂದರಲ್ಲಿ ಕಾಫಿ ಲೋಟದ ಗುರುತು. ಇಂಥದ್ದನ್ನು ಆಫೀಸರ ಕೈಗೆ ಕೊಡುವುದೇ? ಶೀನಣ್ಣ ಪಂಚೆ ತುಂಡು ಹಾಸಿದ. ಒಂದೊಂದೇ ಹಾಳೆಯನ್ನು ಅದರ ಕೆಳಗೆ ಸರಿಸುವುದು, ಪೆಟ್ಟಿಗೆ ಎಳೆಯುವುದು, ತೆಗೆದು ಕಟ್ಟಿಗೆ ಸೇರಿಸುವುದು. ಕೈ ತನ್ನ ಪಾಡಿಗೆ ನಡೆಯುತ್ತಿತ್ತು, ಕಣ್ಣು ರಸ್ತೆಯ ಮೇಲಿತ್ತು. ನಲವತ್ತೆರಡೂ ಮುಗಿದಾಗ ಕಟ್ಟು ಹೊಸ ಮದುವೆ ಕಾಗದದಂತೆ ನೆಟ್ಟಗಿತ್ತು.

ಬದರೀನಾರಾಯಣರ ಜಗಲಿಯಲ್ಲಿ ಪ್ರಿಯಂವದಾ ಹಾಳೆಗಳಿಗೆ ನಂಬರು ಹಾಕಲು ಕಾದು ಕೂತಿದ್ದಳು. ಮೊದಲ ಹಾಳೆ ನೋಡಿದಳು. ಎರಡನೆಯದು. ಮೂರನೆಯದನ್ನು ಬೆಳಕಿಗೆ ಹಿಡಿದಳು.

"ಶೀನಣ್ಣ, ಸೈನ್ ಎಲ್ಲಿ?"

ಅಚ್ಚಾದ ಹನ್ನೆರಡು ಅಂಶ ಹಾಗೇ ಇದ್ದವು. ಹೆಸರು, ವಿಳಾಸ, ಸಹಿ ಒಂದೂ ಇರಲಿಲ್ಲ. ನಲವತ್ತೆರಡು ಹಾಳೆಯಲ್ಲೂ ಇಲ್ಲ. ಪ್ರಿಯಂವದಾಳ ಕಣ್ಣು ದಾರದ ತುದಿಯಲ್ಲಿ ತೂಗುತ್ತಿದ್ದ ಮೊಲದ ಮೇಲೆ ಬಿತ್ತು. ಅವಳು ಹಣೆ ಹಿಡಿದುಕೊಂಡಳು.

"ಅಯ್ಯೋ, ಇದು ತನ್ಮಯಿಯ ಅಳಿಸೋ ಪೆನ್ನು. ಬಿಸಿ ತಾಗಿದ್ರೆ ಇಂಕು ಮಾಯ ಆಗೋಗತ್ತೆ. ನೀವೇನಾದ್ರೂ ಇದಕ್ಕೆ..."

"ಸುಕ್ಕಾಗಿತ್ತಲ್ಲಮ್ಮ" ಎಂದ ಶೀನಣ್ಣ. "ಆಫೀಸಿಗೆ ಕೊಡೋದಲ್ವಾ ಅಂತ."

"ಕಾಗದಕ್ಕೆ ಯಾರಾದ್ರೂ ಇಸ್ತ್ರಿ ಹಾಕ್ತಾರೇನಯ್ಯ!" ಬದರೀನಾರಾಯಣರು ಕುರ್ಚಿಯಿಂದ ಎದ್ದೇಬಿಟ್ಟರು. "ಒಂದು ತಿಂಗಳ ಕೆಲಸ!"

"ಪೆನ್ನು ನಾನು ಕೊಟ್ಟಿದ್ದು ಸರ್."

"ಕಟ್ಟಿದ್ದು ನಾನು! ಗೊತ್ತು!" ಎಂದು ಅವರು ತಮ್ಮ ಮೇಲೂ ಒಂದು ಸಲ ಕೂಗಿಕೊಂಡರು. ಆಮೇಲೆ ಕೂತು ಉಸಿರೆಳೆದು, "ಆಗಿದ್ದಾಯ್ತು. ಹಾಳೆ ಅದೇ ಇದೆಯಲ್ಲ. ಬಾಲ್‌ಪೆನ್ ತಗೊಂಡು ಈಗ್ಲೇ ಹೊರಡು. ನಾಳೆ ಹನ್ನೆರಡರೊಳಗೆ ಇನ್ನೊಂದು ಸುತ್ತು ಹೊಡ್ದುಬಿಡು" ಎಂದರು.

ಶೀನಣ್ಣ ಹಾಳೆಗಳನ್ನು ಜೋಡಿಸಿಕೊಂಡ, ಆದರೆ ಏಳಲಿಲ್ಲ. ತಪ್ಪು ತನ್ನದೇ, ಇನ್ನೊಂದು ಸುತ್ತಿಗೆ ಬೇಜಾರಿಲ್ಲ. ಆದರೆ ಭಾಗೀರಥಮ್ಮ ಮತ್ತೆ ಅದೇ ಕೇಳುತ್ತಾರೆ.

"ಇದರಲ್ಲಿ ಏನೇನಿದೆ ಅಮ್ಮ? ಹತ್ತು ದಿನ ಹೊತ್ತೆ, ಒಬ್ಬರೂ ಹೇಳ್ಲಿಲ್ಲ. ಒಂದ್ಸಲ ಓದಿ."

ಪ್ರಿಯಂವದಾ ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತ ಹೋದಳು. ರಸ್ತೆ ಕಿರಿದು. ಪಾರ್ಕಿಂಗ್ ಇಲ್ಲ. ನೀರು ಸಾಲದು. ಒಳಚರಂಡಿ ಹಳೆಯದು. ಆಳಕ್ಕೆ ಅಗೆದರೆ ಮನೆಗಳ ಬಾವಿ ಬತ್ತುತ್ತವೆ. ದೀಪ, ಗಲಾಟೆ, ನೆರಳು. ಎಂಟಾದ ಮೇಲೆ ಅವಳು ತಡವರಿಸಿದಳು. "ಹತ್ತನೇದು, ಮಳೆನೀರು..."

"ಒಂಬತ್ತು?"

ಅವಳು ಹಾಳೆಯಿಂದ ಮುಖ ಎತ್ತಲಿಲ್ಲ. "ಮೈದಾನದ ಗೋಡೆ ಪಕ್ಕದ ಫುಟ್‌ಪಾತನ್ನ ಈಗಾಗ್ಲೇ ಗಾಡಿಗಳು ಆಕ್ರಮಿಸಿಕೊಂಡಿವೆ. ಸ್ಟೇಡಿಯಂ ಬಂದ್ರೆ ಇದು ಇನ್ನೂ ಹೆಚ್ಚತ್ತೆ. ಇರೋ ಗಾಡಿಗಳನ್ನ ಮೊದಲು ತೆರವು ಮಾಡಬೇಕು... ಅಂತ."



"ಅದು ನಿನ್ನ ಬಗ್ಗೆ ಅಲ್ಲ ಕಣಯ್ಯ" ಎಂದರು ಬದರೀನಾರಾಯಣ. "ಸಾಮಾನ್ಯವಾಗಿ ಹಾಗೆ ಬರೀತಾರೆ. ಬೇರೆ ಬಡಾವಣೆಯವರ ಕಾಗದ ನೋಡಿ ಹಾಕಿದ್ದು."

"ಆ ಗೋಡೆಗೆ ಇನ್ಯಾವ ಗಾಡಿ ಇದೆ ಸ್ವಾಮಿ?"

ಶೀನಣ್ಣ ಪ್ರಿಯಂವದಾಳ ಕಡೆ ತಿರುಗಿದ. ಈಕೆಯ ಸೀಮಂತದ ಸೀರೆಯಿಂದ ಹಿಡಿದು ಮಗುವಿನ ಯೂನಿಫಾರಂವರೆಗೆ ಅವನ ಪೆಟ್ಟಿಗೆಯ ಕೆಳಗೆ ಹೋಗಿದೆ. "ನೀವು ಓದಿದ್ರಾ ಅಮ್ಮ, ಸೈನ್ ಹಾಕೋವಾಗ?"

"ಓದಿದ್ದೆ ಶೀನಣ್ಣ." ಅವಳ ದನಿ ಸಣ್ಣದಾಯಿತು. "ಗಾಡಿ ಅಂದ್ರೆ ನೀವು ಅಂತ ಹೊಳೀಲೇ ಇಲ್ಲ."

ಶೀನಣ್ಣ ಕಟ್ಟನ್ನು ಜಗಲಿಯ ಮೇಲಿಟ್ಟ. ಅಂಚು ಸರಿಮಾಡಿಯೇ ಇಟ್ಟ. "ಇದನ್ನ ನಾನು ಹೊರಲ್ಲ."

"ನಾಳೆ ನಾಲ್ಕಕ್ಕೆ ಕೊನೆ ಕಣಯ್ಯ!"

"ಇದನ್ನ ಕೊಟ್ರೆ ನನಗೂ ಅಲ್ಲಿಗೇ ಕೊನೆ ಸ್ವಾಮಿ."

"ಸರಿ, ನಾವೇ ಹೋಗ್ತೀವಿ" ಎಂದು ಬದರೀನಾರಾಯಣರು ಕೋಲು ತೆಗೆದುಕೊಂಡರು. "ಮೊದಲು ಮೂರನೇ ಮನೆ. ಮಹಡೀಲಿ ಸುಬ್ಬರಾಯರನ್ನ ಹಿಡಿಯೋಣ."

"ಅವರು ಖಾಲಿ ಮಾಡಿ ಒಂಬತ್ತು ವರ್ಷ ಆಯ್ತು" ಎಂದ ಶೀನಣ್ಣ, ಬೀದಿ ನೋಡುತ್ತಲೇ. "ಈಗ ಇರೋರು ನರ್ಸಮ್ಮ. ಆರಕ್ಕೆ ಡ್ಯೂಟಿಗೆ ಹೋದ್ರೆ ನಾಳೆ ಹತ್ತಕ್ಕೆ ಬರೋದು."

"ಹಾಗಾದ್ರೆ ಎಂಟನೇ ಮನೆ..."

"ಅವರ ಗೇಟಿಗೆ ಬೆಲ್ ಇಲ್ಲ. ಹಿಂದುಗಡೆ ಕಿಟಕಿ ತಟ್ಟಬೇಕು. ನಾಯಿ ಇದೆ, ನನ್ನ ಬಿಟ್ರೆ ಬೇರೆಯೋರಿಗೆ ಸುಮ್ಮನಿರಲ್ಲ."

ಬದರೀನಾರಾಯಣರು ಕೋಲನ್ನು ಮತ್ತೆ ಗೋಡೆಗೆ ಒರಗಿಸಿದರು. ಪ್ರಿಯಂವದಾ ಅಷ್ಟರಲ್ಲಿ ರಸ್ತೆ ದಾಟಿ ಹೋಗಿ ಲ್ಯಾಪ್‌ಟಾಪ್ ತಂದಿದ್ದಳು.

"ಕನ್ನಡದಲ್ಲೇ ಮಾಡ್ತೀನಿ. ಒಂಬತ್ತನೇದು ನೀವೇ ಹೇಳಿ ಶೀನಣ್ಣ."

ಶೀನಣ್ಣ ಅಂಗಿಯ ತುದಿಯನ್ನು ಬೆರಳಲ್ಲಿ ನೀವಿದ. "ಬರ್ಕೊಳ್ಳಿ. ಹೊಂಗೆ ಮರದ ಕೆಳಗೆ ಶ್ರೀನಿವಾಸ ಅಂತ ಒಬ್ಬ ಮೂವತ್ತೊಂದು ವರ್ಷದಿಂದ ಈ ಬೀದಿ ಬಟ್ಟೆ ಇಸ್ತ್ರಿ ಮಾಡ್ತಿದಾನೆ. ಚಿತ್ರದಲ್ಲಿ ಅಲ್ಲಿ ಟಿಕೆಟ್ ಕೌಂಟರ್ ಇದೆ. ಅವನು ಎಲ್ಲಿ ನಿಂತ್ಕೋಬೇಕು ಅಂತ ಬೋರ್ಡಲ್ಲಿ ಬರ್ದಿಲ್ಲ."

ಅವನು ಹೇಳಿದ ಹಾಗೇ ಅವಳು ಟೈಪ್ ಮಾಡಿದಳು. ಕೆಳಗೆ ತಾನಾಗಿ ಒಂದು ಸಾಲು ಸೇರಿಸಿ ಗಟ್ಟಿಯಾಗಿ ಓದಿದಳು. "ಬದಲಿ ಜಾಗ ತೋರಿಸದೆ ಅವರನ್ನು ಎಬ್ಬಿಸಬಾರದೆಂದು ಕೇಳಿಕೊಳ್ಳುತ್ತೇವೆ."

"‘ಕೇಳಿಕೊಳ್ಳುತ್ತೇವೆ’ ಯಾಕೆ?" ಬದರೀನಾರಾಯಣರ ಸಿಡುಕು ಇನ್ನೂ ಇಳಿದಿರಲಿಲ್ಲ, ದಿಕ್ಕು ಮಾತ್ರ ಬದಲಾಗಿತ್ತು. "‘ಎಬ್ಬಿಸಕೂಡದು’ ಅಂತ ಹಾಕಮ್ಮ. ಬೇಡಿಕೊಳ್ಳೋಕೆ ಹೋಗ್ತಿದೀವಾ?"

ಅಚ್ಚಾದ ಹೊಸ ಹಾಳೆಗಳು ಗುರುವಾರ ಸಂಜೆಯೇ ಶೀನಣ್ಣನ ಜೊತೆ ಬೀದಿಗೆ ಇಳಿದವು. ಪ್ರತಿ ಬಾಗಿಲಲ್ಲೂ "ಮತ್ತೇನೋ? ಹೋದ ವಾರ ತಾನೇ ಹಾಕಿದ್ವಿ?" ಎಂಬ ಮಂಗಳಾರತಿ. ಭಾಗೀರಥಮ್ಮ ಮಾತ್ರ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಸೀಟಿಯ ವಿಷಯ ಏಳನೆಯದರಲ್ಲಿ ಸಿಕ್ಕಿದ ಮೇಲೆ ಸಹಿ ಹಾಕಿದರು. ಏಕಾಂತಯ್ಯ ಒಂಬತ್ತರ ಮೇಲೆ ಬೆರಳಿಟ್ಟ.

"ನಿನ್ನ ಗಾಡಿಗೋಸ್ಕರ ನಾನ್ಯಾಕಯ್ಯ ಸೈನ್ ಹಾಕ್ಲಿ?"

"ಬೇಡ ಬಿಡಿ ಅಣ್ಣ. ಭಾನುವಾರ ನಿಮ್ಮ ನಾದಿನಿ ಮಗಳ ಮದುವೆ. ಆ ಬಿಳಿ ಸಿಲ್ಕ್ ಅಂಗಿ ಇನ್ನೂ ನನ್ನ ಹತ್ರಾನೇ ಇದೆ. ಎಲ್ಲಿ ಇಟ್ಕೊಂಡು ಇಸ್ತ್ರಿ ಮಾಡ್ಲಿ, ಟಿಕೆಟ್ ಕೌಂಟರಲ್ಲಾ?"

ಏಕಾಂತಯ್ಯ ಬೈದುಕೊಂಡೇ ಸಹಿ ಎಳೆದ. ಶುಕ್ರವಾರ ಹನ್ನೊಂದೂವರೆಗೆ ಮೂವತ್ತೊಂಬತ್ತು ಆಯಿತು. ಮೂರು ಮನೆಗೆ ಬೀಗ. ನಲವತ್ತನೆಯ ಹಾಳೆಯಲ್ಲಿ ಶೀನಣ್ಣ ತನ್ನದೇ ಹೆಸರು ಬರೆದ. ವಿಳಾಸದ ಜಾಗದಲ್ಲಿ ಮಾವಳ್ಳಿ ಎಂದು ಹಾಕಲು ಹೋಗಿ ನಿಲ್ಲಿಸಿ, "ಹೊಂಗೆ ಮರದ ಕೆಳಗೆ, ಮೈದಾನದ ಗೋಡೆ, ಶಂಕರಪುರ" ಎಂದು ಬರೆದ.

ಕಟ್ಟನ್ನು ಬದರೀನಾರಾಯಣರೇ ಯೋಜನಾ ಕಚೇರಿಗೆ ಒಯ್ದರು. ಅಲ್ಲಿನ ಗುಮಾಸ್ತ ಪುಟ ತಿರುವಿ, ಒಂಬತ್ತನೆಯದು ಬೇರೆ ಶಾಖೆಗೆ ಸೇರಿದ್ದು ಎಂದ. ಶಾಖೆಗೆ ಹೋದರೆ ಅಲ್ಲಿಯವನು ಊಟಕ್ಕೆ ಹೋಗಿದ್ದ. ಮೂರೂವರೆಗೆ ವಾಪಸು ಅದೇ ಟೇಬಲ್ಲು. ಗುಮಾಸ್ತ ಈ ಸಲ ನಲವತ್ತನೆಯ ಹಾಳೆ ಎತ್ತಿ ಹಿಡಿದು, "ಮರದ ಕೆಳಗೆ ಅನ್ನೋದೆಲ್ಲ ವಿಳಾಸ ಆಗಲ್ಲ" ಎಂದ.

"ಅಲ್ಲಿಗೊಂದು ಕಾಗದ ಹಾಕಿ ನೋಡಿ, ಅವನ ಕೈಗೇ ಸೇರತ್ತೆ" ಎಂದರು ಬದರೀನಾರಾಯಣ, ಇಡೀ ಹಾಲ್ ತಿರುಗಿ ನೋಡುವ ಹೆಡ್‌ಮಾಸ್ಟರ್ ದನಿಯಲ್ಲಿ. "ಸೀಲು ಒತ್ತಿ. ನಾಲ್ಕಕ್ಕೆ ಇನ್ನೂ ಹನ್ನೆರಡು ನಿಮಿಷ ಇದೆ."

ಸೀಲು ಬಿತ್ತು, ನಲವತ್ತಕ್ಕೂ.

ಸ್ಟೇಡಿಯಂ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬೋರ್ಡು ಗೇಟಿನಲ್ಲೇ ಇದೆ, ಸೂಟಿನವನು ನಗುತ್ತಲೇ ಇದ್ದಾನೆ. ಅದಿರಲಿ, ಶೀನಣ್ಣನ ಹಾಳೆಯ ಸೀಲು ಬಿದ್ದ ನಕಲನ್ನು ಬದರೀನಾರಾಯಣರು ಆಟೋದಲ್ಲಿ ಬರುವಾಗ ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡಿದ್ದರು. ಸಂಜೆ ಗಾಡಿಯ ಹತ್ತಿರ ಬಂದು ಕೊಟ್ಟರು. "ಭದ್ರವಾಗಿಟ್ಕೋ."

ಶೀನಣ್ಣ ಅದನ್ನು ಬಿಡಿಸಿದ. ಅಡ್ಡಡ್ಡ ಉದ್ದುದ್ದ ಮಡಿಕೆ, ಮೂಲೆಯಲ್ಲಿ ಬೆವರಿನ ಗುರುತು. ಕೈ ತಾನಾಗಿ ಪೆಟ್ಟಿಗೆಯ ಹಿಡಿಗೆ ಹೋಯಿತು. ಅಲ್ಲೇ ನಿಂತಿತು. ಪೆಟ್ಟಿಗೆಯನ್ನು ಆ ಕಡೆ ಸರಿಸಿ, ಹಾಳೆಯನ್ನು ಹಲಗೆಯ ಮೇಲೆ ಅಂಗೈಯಿಂದ ನೀವಿ, ಅದರ ಮೇಲೆ ಆರಿ ತಣ್ಣಗಾಗಿದ್ದ ಏಕಾಂತಯ್ಯನ ಒಂಬತ್ತು ಅಂಗಿಗಳ ಭಾರ ಹೇರಿದ. ಬೆಳಗಾಗುವಷ್ಟರಲ್ಲಿ ನೆಟ್ಟಗಾಗುತ್ತದೆ.