ಸಾವಳಗಿ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತವಳು

ಕೊರೋನಾ ಮುಗಿದು ಶಾಲೆಗಳು ಪೂರ್ತಿ ತೆರೆದ ಮರುವರ್ಷ. ನಾನಾಗ ಜಮಖಂಡಿ ತಾಲೂಕಿನಲ್ಲಿ ವಿಶೇಷ ಸಂಪನ್ಮೂಲ ಶಿಕ್ಷಕಿ. ಕಲಿಕೆಯಲ್ಲಿ ತೊಡಕಿರುವ ಮಕ್ಕಳನ್ನು ಶಾಲೆ ಶಾಲೆಗೆ ಹೋಗಿ ಗುರುತಿಸುವುದು, ಅವರಿಗೆ ಬೇಕಾದ ನೆರವು ಕೊಡಿಸುವುದು ನನ್ನ ಕೆಲಸ. ಮನೆ ಸಾವಳಗಿಯಲ್ಲಿ, ದಿನಾ ಮುಂಜಾನೆ ಜಮಖಂಡಿ ಬಸ್ಸು. ಕಬ್ಬಿನ ಸೀಸನ್ ಬಂತೆಂದರೆ ಮುಂದೆ ಟ್ರ್ಯಾಕ್ಟರುಗಳ ಸಾಲು, ಹಿಂದೆ ನಮ್ಮ ಬಸ್ಸು. ನಾನು ಟ್ರ್ಯಾಕ್ಟರಿಗೂ ಬೈಯುತ್ತಿದ್ದೆ, ಏನೂ ತಪ್ಪು ಮಾಡದ ನಮ್ಮ ಡ್ರೈವರನಿಗೂ ಬೈಯುತ್ತಿದ್ದೆ.

ಆ ಬಸ್ಸಿನಲ್ಲಿ ಹತ್ತನೇ ತರಗತಿಯ ಇಬ್ಬರು ಹುಡುಗಿಯರು ಬರುತ್ತಿದ್ದರು. ರೇಷ್ಮಾ ಪುಸ್ತಕ ತೆರೆದು ಗಟ್ಟಿಯಾಗಿ ಪಾಠ ಓದುವಳು. ಕಿಟಕಿ ಪಕ್ಕದ ಮಾಳವ್ವ ಕಣ್ಣು ಮುಚ್ಚಿ ಕೇಳುವಳು. ರೇಷ್ಮಾ ಒಂದು ಸಾಲು ಹಾರಿಸಿದರೆ ಸಾಕು, ಕಣ್ಣು ತೆರೆಯದೆಯೇ, "ಏ, ನಡುವ ಒಂದ ಮಾತ ಬಿಟ್ಟಿ ನೋಡ" ಎನ್ನುವಳು. ಹಿಂದಿನ ಸೀಟಿನಲ್ಲಿ ಮೊಸರಿನ ಗಡಿಗೆಯೊಂದಿಗೆ ಪೇಟೆಗೆ ಹೊರಟ ಅಜ್ಜಿ ಗಂಗವ್ವ ಆಯಿಗೂ ಆ ಪಾಠಗಳ ಹುಚ್ಚು ಹಿಡಿದಿತ್ತು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ದಿನಾ, "ನಿನ್ನಿ ಎಲ್ಲೀಮಟಾ ಬಂದಿತ್ತ?" ಎಂದು ವಿಚಾರಿಸುವಳು. ಮಾಳವ್ವ ಭಾರಿ ಜಾಣೆ, ದಡ್ಡ ಗೆಳತಿಯನ್ನು ತಿದ್ದುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ.

ಒಂದು ದಿನ ಅವರ ಪ್ರೌಢಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು, "ಈಕಿ ಪಾಸಾಗೂದಿಲ್ರಿ ಮೇಡಂ, ಗೊತ್ತಿಲ್ಲದ ಪಾಠ ಕೊಟ್ರ ಒಂದ ಸಾಲು ನೆಟ್ಟಗ ಓದೂದಿಲ್ಲ" ಎಂದು ತಂದು ನಿಲ್ಲಿಸಿದ್ದು ಅದೇ ಮಾಳವ್ವನನ್ನು. ನನಗೆ ನಂಬಿಕೆಯಾಗಲಿಲ್ಲ. ಮೂರನೇ ತರಗತಿಯ ಪುಸ್ತಕ ಕೊಟ್ಟೆ. ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿದಳು, ಬೆವೆತಳು, ನಿಲ್ಲಿಸಿದಳು. ಅದೇ ಪಾಠವನ್ನು ನಾನು ಒಮ್ಮೆ ಓದಿದೆ. ಪೂರ್ತಿ ತಿರುಗಿ ಹೇಳಿದಳು. ಡಿಸ್ಲೆಕ್ಸಿಯಾ ಎಂದರೆ ಇದೇ. ಬುದ್ಧಿಗೇನೂ ಕೊರತೆಯಿರುವುದಿಲ್ಲ, ಬರೆದ ಅಕ್ಷರ ಮಾತ್ರ ಸಲೀಸಾಗಿ ಹಿಡಿತಕ್ಕೆ ಸಿಗುವುದಿಲ್ಲ.

"ಇಷ್ಟ ದಿನಾ ಹೆಂಗ ನಿಭಾಯಿಸಿದಿ ಅವ್ವಾ?" ಎಂದೆ.

"ರೇಷ್ಮಾ ಓದತಾಳ್ರಿ, ನಾ ಕೇಳತೇನ್ರಿ. ಕ್ಲಾಸಿನ್ಯಾಗ ಓದಂದ್ರ ಪುಸ್ತಕ ಹಿಡಕೊಂಡ ಬಾಯಿಪಾಠ ಹೇಳತೇನ್ರಿ. ಬರೀ ಅಂದ್ರ ಹೊಟ್ಟಿನೋವ ಅಂತೇನಿ."

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಎಷ್ಟು ವರ್ಷದ ಹೊಟ್ಟೆನೋವೋ ಪಾಪ.

ವೈದ್ಯರ ತಪಾಸಣೆ, ಪ್ರಮಾಣಪತ್ರ ಎಲ್ಲ ಆಯಿತು. ಉಳಿದದ್ದು ಸ್ಕ್ರೈಬ್. ಅಂದರೆ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಿ, ವಿದ್ಯಾರ್ಥಿ ಹೇಳಿದ ಉತ್ತರವನ್ನು ಹೇಳಿದಂತೆಯೇ ಬರೆಯುವ ಸಹಾಯಕರು. ಅವರು ಕೆಳಗಿನ ತರಗತಿಯವರಾಗಿರಬೇಕು, ಹೀಗಾಗಿ ರೇಷ್ಮಾ ಬರೆಯುವಂತಿರಲಿಲ್ಲ. ಮಾಳವ್ವನದು ಕುರಿ ಸಾಕುವ ಮನೆತನ. ಅವಳ ತಾಯಿ, "ಫೇಲಾದ್ರ ಇವರಪ್ಪ ಸಾಲಿ ಬಿಡಸತಾನ್ರಿ. ಏನರ ಮಾಡ್ರಿ, ಆಕಿ ಕಾಲೇಜಿಗಿ ಹೋಗಬೇಕ ಅಂತಾಳ" ಎಂದು ಕೂಡಲೇ ಒಪ್ಪಿದಳು. ಒಪ್ಪದೆ ಹಟ ಹಿಡಿದವಳು ಮಾಳವ್ವನೇ.

"ಓದಾಕಿ ರೇಷ್ಮಾ, ಬರಿಯಾಕಿ ಇನ್ನೊಬ್ಬಾಕಿ. ಪಾಸಾದ್ರ ಅವರ ಪಾಸಾದಂಗಾತ್ರಿ. ಅದರಾಗ ನಂದೇನೈತಿ?"

ಗದರಿಸಿದೆ, ರಮಿಸಿದೆ. ಕಲ್ಲಿನ ಮೇಲೆ ಮಳೆ ಸುರಿದಂತಾಯಿತು. ಅರ್ಜಿ ಕಳಿಸುವ ಕೊನೆಯ ದಿನ ಬಂದೇಬಿಟ್ಟಿತು.

ಅಂದು ರೇಷ್ಮಾಳಿಗೆ ಜ್ವರ, ಬಸ್ಸಿಗೆ ಬಂದಿರಲಿಲ್ಲ. ಮಾಳವ್ವ ಒಬ್ಬಳೇ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಬಸ್ಸು ಎಂದಿನಂತೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತ್ತು. ಗಂಗವ್ವ ಆಯಿ ಚಡಪಡಿಸಿದಳು.

"ಯಾಕಬೇ, ಇವತ್ತ ಪಾಠ ಇಲ್ಲೇನ? ಆ ಝಾನ್ಸಿ ರಾಣಿದು ನಡುವ ನಿಂತೈತಿ."

"ರೇಷ್ಮಾ ಬಂದಿಲ್ಲಾಯಿ."

"ಆಕಿ ಬರದಿದ್ರೇನಾತ, ನೀನ ಹೇಳ."

ಮಾಳವ್ವ ನನ್ನ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚಿದಳು. ಮೊದಲು ಮೆಲ್ಲಗೆ, ಆಮೇಲೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಬಸ್ಸಿನಲ್ಲೂ ಕ್ಲಾಸಿನಲ್ಲೂ ಕೇಳಿದ್ದನ್ನು ಕೂಡಿಸಿ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಬರೀ ಬಾಯಿಪಾಠವಲ್ಲ. ಆಯಿ ನಡುವೆ ಕೇಳಿದ ಪ್ರಶ್ನೆಗಳಿಗೆಲ್ಲ ತನ್ನದೇ ಮಾತಿನಲ್ಲಿ ಬಿಡಿಸಿ ಉತ್ತರ ಹೇಳಿದಳು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ನಿಂತಿದ್ದ.

ಮುಗಿದ ಮೇಲೆ ಆಯಿ ಕೇಳಿದಳು: "ಓದಾಕಿ ಮನ್ಯಾಗ ಮಲಗ್ಯಾಳ. ಮತ್ತ ಇದೆಲ್ಲಾ ಯಾರ ಹೇಳಿದ್ರ?"

ಮಾಳವ್ವ ಕಣ್ಣು ತೆರೆದು, "ನಾನ ಆಯಿ" ಎಂದಳು. ಬಸ್ಸಿಳಿಯುವಾಗ ನನ್ನ ಸೆರಗು ಹಿಡಿದು ಕೇಳಿದಳು: "ಟೀಚರ್, ನಾ ಹೇಳಿದ್ದನ್ನ ಬರಿಯಾಕ ಯಾರ ಬರತಾರ್ರಿ?"

ಅಂದು ಸಂಜೆಯೊಳಗೆ ಅರ್ಜಿ ಹೋಯಿತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬರೆಯಲು ಸಿಕ್ಕಳು. ಮೊದಮೊದಲು ಮಾಳವ್ವ ಗಡಬಡಿಸಿ ಹೇಳುವಳು, ಆ ಹುಡುಗಿಯ ಕೈ ಸೋಲುವುದು. ರೇಷ್ಮಾ ಪಕ್ಕದಲ್ಲಿ ಕೂತು, "ಲೇ, ಸಾವಕಾಶ ಹೇಳ, ನಿನ್ನ ಕುರಿ ಓಡಿಹೊಂಟಿಲ್ಲ" ಎಂದು ಗದರುವಳು. ಹಾಗೇ ಇಬ್ಬರಿಗೂ ಲಯ ಕೂಡಿತು.

ಫಲಿತಾಂಶ ಬಂದಾಗ ಮಾಳವ್ವ ಪಾಸಾಗಿದ್ದಳು. ಸಮಾಜ ವಿಜ್ಞಾನದಲ್ಲಿ ರೇಷ್ಮಾಳಿಗಿಂತ ಹೆಚ್ಚು ಅಂಕ. ರೇಷ್ಮಾ ಅದಕ್ಕೆ ಸುಳ್ಳೇ ಮುನಿಸಿಕೊಂಡಿದ್ದಳು.

ಈಗ ಯಾವ ಮಗು ಓದಲಾರದೆ ನನ್ನ ಮುಂದೆ ನಿಂತರೂ, ನಿನಗೇನು ಬರುವುದಿಲ್ಲ ಎಂದು ನಾನು ಮೊದಲು ಕೇಳುವುದಿಲ್ಲ. ಇಷ್ಟು ದಿನ ಹೇಗೆ ನಿಭಾಯಿಸಿದೆ ಎಂದು ಕೇಳುತ್ತೇನೆ. ದಾರಿ ಬಹಳ ಸಲ ಆ ಉತ್ತರದಲ್ಲೇ ಇರುತ್ತದೆ, ಮಗುವಿಗೆ ಅದು ತನ್ನದೇ ದಾರಿ ಎಂದು ಗೊತ್ತಿರುವುದಿಲ್ಲ ಅಷ್ಟೆ. ನನ್ನ ನೌಕರಿ ನನಗೆ ಕಲಿಸಿದ್ದು ಇದನ್ನು.

ಫಲಿತಾಂಶದ ಸುದ್ದಿಯನ್ನು ಬಸ್ಸಿನಲ್ಲಿ ಗಂಗವ್ವ ಆಯಿಗೆ ಹೇಳಿದವಳು ನಾನೇ. ಆಯಿ ಮೊಸರಿನ ಗಡಿಗೆಯನ್ನು ತೊಡೆಯಿಂದ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು:

"ಹಂಗಾರ ನಾನೂ ಹತ್ತನೇ ಕ್ಲಾಸ ಪಾಸಾದಂಗಾತ ಬಿಡ್ರಿ."