ಕೆಲೆಪಿ ಸುತ್ತಿಕೊಂಡು ಹೋದ ಚಾಪೆ

ನನ್ನ ಗಂಡ ಕೆಲೆಪಿ ಸಿಮೆಂಟಿನ ನೀರಿನ ತೊಟ್ಟಿ ಕಟ್ಟುವವನು. ಟೋಂಗಾದ ನಮ್ಮ ಊರಿನಲ್ಲಿ ಮಳೆನೀರು ಹಿಡಿಯುವ ತೊಟ್ಟಿಗಳಲ್ಲಿ ಅರ್ಧಕ್ಕರ್ಧ ಅವನು ಕಟ್ಟಿದ್ದೇ. ಒಂದೂ ಸೋರುವುದಿಲ್ಲ. ಅವನ ಬಾಯಿಯಿಂದಲೂ ಏನೂ ಸೋರುವುದಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ಹಸಿವಾಗಿದೆ ಎಂದು ಒಂದು ದಿನವೂ ಹೇಳಿದವನಲ್ಲ. ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾನೆ, ಮತ್ತೆ ಮುಚ್ಚುತ್ತಾನೆ. ಉಳಿದದ್ದು ನಾನು ತಿಳಿದುಕೊಳ್ಳಬೇಕು.

ಇಂಥ ಮನುಷ್ಯನಿಗೆ ಚರ್ಚಿನಲ್ಲಿ ನಿಂತು ಪ್ರಸಂಗ ಮಾಡುವ ಆಸೆ. ನಮ್ಮ ಮಾವ ನಲವತ್ತು ವರ್ಷ ಆ ಕೆಲಸ ಮಾಡಿದವರು. ಅವರು ತೀರಿಕೊಂಡ ಮೇಲೆ ಅತ್ತೆ ಹಾಪಾಯಿ ದ್ವೀಪಗಳಲ್ಲಿರುವ ಮಗಳ ಮನೆಗೆ ಹೋದರು. ಅಲ್ಲಿಂದ ಫೋನು ಮಾಡಿದಾಗಲೆಲ್ಲ, “ನಮ್ಮನೆ ದನಿ ಆ ಚರ್ಚಲ್ಲಿ ನಿಂತೇಹೋಯ್ತಲ್ಲಪ್ಪ” ಎಂದು ಒಂದೇ ರಾಗ. ಇವನು “ಹೂಂ” ಎನ್ನುತ್ತಿದ್ದ.

ಹೋದ ವರ್ಷ ಪಾದ್ರಿಗಳು ಇವನಿಗೆ ಪರೀಕ್ಷಾ ಪ್ರಸಂಗಕ್ಕೆ ಅವಕಾಶ ಕೊಟ್ಟರು. ವೇದಿಕೆ ಹತ್ತಿದ, ಬೈಬಲ್ ವಚನ ಓದಿದ, ಬಾಯಿ ತೆರೆದ, ಮುಚ್ಚಿದ. ತನ್ನ ಲೋಟದ ನೀರು ಕುಡಿದ. ಆಮೇಲೆ ಪಾದ್ರಿಗಳ ಲೋಟದ ನೀರನ್ನೂ ಕುಡಿದು ಕೂತುಬಿಟ್ಟ. ಪಾದ್ರಿಗಳು ಒಂದು ಕೀರ್ತನೆ ಹೇಳಿಸಿ ಮಾನ ಉಳಿಸಿದರು. ಈ ವರ್ಷ ಎರಡನೆಯ ಸಲ. ನಮ್ಮ ಚರ್ಚಿನಲ್ಲಿ ಮೂರನೆಯ ಸಲ ಎಂಬುದಿಲ್ಲ.

ಪ್ರಸಂಗದ ಹಿಂದಿನ ದಿನ ಶನಿವಾರ. ಭಾನುವಾರದ ಊಟಕ್ಕೆ ನಾಲ್ಕು ತೆಂಗಿನಕಾಯಿ ತುರಿದುಕೊಡು ಎಂದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹನ್ನೊಂದು ಕಾಯಿ ತುರಿದಿದ್ದ, ಹನ್ನೆರಡನೆಯದು ಕೈಯಲ್ಲಿತ್ತು.

“ಊರಿಗೆಲ್ಲಾ ಅಡುಗೆ ಮಾಡ್ಬೇಕಾ?” ಎಂದೆ.

“ನಾಲ್ಕೇ ಅಲ್ವಾ ತುರಿದಿದ್ದು?” ಎಂದ.

ಆಮೇಲೆ ಒಲೆಯ ಗುಂಡಿ ಅಗೆಯಲು ಹೋದ. ಕೆಸುವಿನ ಎಲೆಯ ಪೊಟ್ಟಣಗಳನ್ನೂ ಗೆಣಸನ್ನೂ ಬಿಸಿ ಕಲ್ಲಿನ ಮೇಲೆ ಹೂಳಲು ಮೊಣಕಾಲುದ್ದದ ಗುಂಡಿ ಸಾಕು. ಇವನು ಸೊಂಟದವರೆಗೆ ಇಳಿದುಬಿಟ್ಟಿದ್ದ. ಹಂದಿಗೂಡಿನ ಬಾಗಿಲಿಗೆ ಅಗುಳಿ ಹಾಕಿದ, ಬಂದ, ಮತ್ತೆ ಹೋಗಿ ನೋಡಿದ. ಮೂರನೆಯ ಸಲ ಹೊರಟಾಗ ಆ ಹಂದಿಯೇ ಎದ್ದು ನಿಂತು ಇವನ ಮುಖ ನೋಡಿತು.

“ಏನಾಗಿದೆ ನಿಂಗೆ?”

“ಏನೂ ಇಲ್ವಲ್ಲ.”

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ, ಲುಂಗಿ, ಅದರ ಮೇಲೆ ಸೊಂಟಕ್ಕೆ ಸುತ್ತುವ ನಯವಾದ ಚಾಪೆ ಎಲ್ಲವನ್ನೂ ಹಾಸಿಗೆಯ ಮೇಲೆ ಜೋಡಿಸಿಟ್ಟು, ನಾನು ಹಾಡುವವರ ಜೊತೆ ಮೊದಲೇ ಚರ್ಚಿಗೆ ಹೋದೆ. ಸೊಂಟಕ್ಕೆ ಚಾಪೆಯಿಲ್ಲದೆ ದೇವರ ಮುಂದೆ ನಿಲ್ಲುವ ಗಂಡಸು ನಮ್ಮಲ್ಲಿಲ್ಲ.

ಚರ್ಚಿನ ಗಂಟೆ ಬಾರಿಸಿತು. ಪಕ್ಕದ ಬಾಗಿಲಿನಿಂದ ಪಾದ್ರಿಗಳ ಹಿಂದೆ ಕೆಲೆಪಿ ಬಂದ. ಹಾಡುವವರ ಸಾಲಿನಲ್ಲಿ ಯಾರೋ “ಅಯ್ಯೋ” ಎಂದರು. ಇವನ ಎದೆಯಿಂದ ಮೊಣಕಾಲಿನ ಕೆಳಗಿನವರೆಗೂ ಒರಟಾದ, ಅಂಚೆಲ್ಲ ಹರಿದು ಎಳೆ ಜೋಲುತ್ತಿದ್ದ ಸಾವಿನ ಚಾಪೆ. ತೀರ ಹತ್ತಿರದವರು ಸತ್ತರೆ ಮಾತ್ರ ಅದನ್ನು ಸುತ್ತುತ್ತಾರೆ.

ಇವನಿಗೆ ಈಗ ಉಳಿದಿರುವ ತೀರ ಹತ್ತಿರದ ಹಿರಿಯರೆಂದರೆ ಹಾಪಾಯಿಯಲ್ಲಿರುವ ಅವ್ವ, ನನ್ನ ಅತ್ತೆ. ಮುಂದಿನ ಬೆಂಚಿನ ಹೆಂಗಸರು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿನ ಬೆಂಚಿನಲ್ಲಿದ್ದ ಪಕ್ಕದ ಮನೆಯ ಲೂಪೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಎದ್ದು ಹೊರಗೆ ಓಡಿದಳು. ನನಗೂ ದುಃಖ ಉಕ್ಕಿ ಬಂತು. ಸುದ್ದಿ ಬಂದಿರಬೇಕು, ಇವನು ನನಗೂ ಹೇಳದೆ ಬಂದಿದ್ದಾನೆ, ಇವನು ಹೇಳುವ ಪೈಕಿಯೇ ಎಂದುಕೊಂಡು ಚೆನ್ನಾಗಿ ಅತ್ತುಬಿಟ್ಟೆ.

ಅಳುತ್ತ ಅಳುತ್ತಲೇ ನೆನಪಾಯಿತು. ಹೋದ ತಿಂಗಳು ಇವನ ಚಿಕ್ಕಪ್ಪನ ಮಣ್ಣಿಗೆ ಹೋಗಿ ಬಂದ ಮೇಲೆ ಆ ಚಾಪೆಯನ್ನು ಗಾಳಿಗೆಂದು ಜಗುಲಿಯ ಹಗ್ಗದ ಮೇಲೆ ಹಾಕಿದವಳು ನಾನೇ. ಎತ್ತಿಡುವುದನ್ನು ಮರೆತವಳೂ ನಾನೇ. ಹಾಸಿಗೆಯ ಮೇಲಿಟ್ಟಿದ್ದ ನಯವಾದ ಚಾಪೆ ಇವನ ಕಣ್ಣಿಗೆ ಬಿದ್ದಿಲ್ಲ.

ನಾನು ಕೈಸನ್ನೆ ಮಾಡಿದೆ. ಇವನು ನನ್ನ ಕಡೆ ನೋಡಿದರೆ ತಾನೆ? ಎದ್ದು ಬಂದು ನಿಂತ. ವಚನ ಓದಿದ. ಬರೆದು ತಂದಿದ್ದ ಕಾಗದ ಬಿಡಿಸಿದ. ತಲೆಯೆತ್ತಿದರೆ ಇಡೀ ಚರ್ಚು ಅಳುತ್ತಿದೆ. ಇವನ ಕೈ ಲೋಟದ ಕಡೆ ಹೋಯಿತು. ಕೂರುತ್ತಾನೆ, ಮುಗಿಯಿತು, ಎಂದುಕೊಂಡು ಕಣ್ಣು ಮುಚ್ಚಿದೆ.

ತೆರೆದಾಗ ಅವನು ಬಗ್ಗಿ ತನ್ನ ಸೊಂಟ ನೋಡಿಕೊಳ್ಳುತ್ತಿದ್ದ. ಹರಿದ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ.

“ಯಾರೂ ಸತ್ತಿಲ್ಲ,” ಎಂದ.

ಮುಂದಿನ ಬೆಂಚಿನವರು ಕಣ್ಣೊರೆಸುವುದನ್ನು ನಿಲ್ಲಿಸಿದರು.

“ಅವ್ವ ಚೆನ್ನಾಗಿದ್ದಾಳೆ. ನಿನ್ನೆಯಿಂದ ನನ್ನ ಕೈ ನನ್ನ ಮಾತು ಕೇಳ್ತಿಲ್ಲ. ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನ ಸುತ್ಕೊಂಡು ಬಂದ್ಬಿಟ್ಟೆ. ನಂಗೆ ಭಯ. ಹೋದ ವರ್ಷ ಇಲ್ಲಿ ಬಂದು ಕೂತೆನಲ್ಲ, ಅವತ್ತಿಂದ ಭಯ.”

ಮೊದಲು ಒಬ್ಬ ಮುದುಕ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಅತ್ತವರೇ ಹೆಚ್ಚು ನಕ್ಕರು. ಇವನು ಕಾಗದ ಮಡಿಸಿ ಜೇಬಿಗಿಟ್ಟ. “ಈಗ ಓದಿದ ವಚನದಲ್ಲಿ ಪೇತ್ರ ನೀರಲ್ಲಿ ಮುಳುಗ್ತಾ ಉದ್ದುದ್ದ ಪ್ರಾರ್ಥನೆ ಮಾಡ್ಲಿಲ್ಲ. ಕಾಪಾಡು ಅಂದ, ಅಷ್ಟೇ. ಅಷ್ಟು ಹೇಳೋದಕ್ಕೆ ನಂಗೆ ಒಂದು ವರ್ಷ ಬೇಕಾಯ್ತು,” ಎಂದು ಶುರುಮಾಡಿದವನು ಇಪ್ಪತ್ತೈದು ನಿಮಿಷ ಮಾತಾಡಿದ. ತೊಟ್ಟಿಯ ಬಿರುಕು, ಉಪ್ಪುಗಾಳಿ, ನೀರಿಗೆ ಕಾಯುವ ಮನೆ, ಏನೇನೋ ಬಂತು. ನನಗೆ ಅರ್ಧ ಮಾತ್ರ ಕೇಳಿಸಿತು. ನನಗೆ ಮತ್ತೆ ಅಳು ಬಂದಿತ್ತು. ಅಷ್ಟು ಹೆಮ್ಮೆ ನನಗೆ ನನ್ನ ಮಕ್ಕಳ ಮೇಲೂ ಬಂದಿಲ್ಲ.

ಬಾಗಿಲಲ್ಲಿ ಪಾದ್ರಿಗಳು ಇವನ ಕೈ ಹಿಡಿದು, “ಬೋಧಕರ ಪಟ್ಟೀಲಿ ನಿನ್ನ ಹೆಸರು ಬರೀತೀನಿ ಕೆಲೆಪಿ. ಮುಂದಿನ ಸಲ ನಿನ್ನ ಚಾಪೆನ ಹೆಂಡ್ತಿ ಕೈಲೇ ಕಟ್ಟಿಸ್ಕೊಂಡು ಬಾ,” ಎಂದರು.

ಮನೆಗೆ ಬಂದರೆ ಅಂಗಳದಲ್ಲಿ ಸಾವಿನ ಮನೆಗೆ ಹಾಕುವ ತಾಡಪಾಲು ಎದ್ದಿತ್ತು. ಕಪ್ಪು ಬಟ್ಟೆ ತೊಟ್ಟ ನೆಂಟರು ಗೆಣಸಿನ ಬುಟ್ಟಿ ಇಳಿಸುತ್ತಿದ್ದರು. ಎಲ್ಲ ಲೂಪೆಯ ಕೈಚಳಕ. ಅವಳು ನನ್ನನ್ನು ನೋಡಿ ತಲೆ ತಗ್ಗಿಸಿದಳು.

“ಹಾಪಾಯಿಗೂ ಫೋನ್ ಮಾಡ್ಬಿಟ್ಟೆ ಕಣೆ, ನಿನ್ನ ನಾದಿನಿಗೆ ಸಮಾಧಾನ ಹೇಳೋಣ ಅಂತ.”

“ಆಮೇಲೆ?”

“ಎತ್ತಿದ್ದು ನಿಮ್ಮತ್ತೆ. ಇನ್ನೂ ಲೈನಲ್ಲೇ ಇದ್ದಾರೆ, ಇಡಲ್ವಂತೆ.”

ನಾನು ಫೋನು ತೆಗೆದುಕೊಂಡೆ. ಬೈಗುಳ ಕೇಳಲು ಸಿದ್ಧಳಾಗಿಯೇ ಕಿವಿಗೆ ಹಿಡಿದೆ. ತಾವು ಸತ್ತ ಸುದ್ದಿ ಹಬ್ಬಿಸಿದ್ದು ಯಾರೆಂದು ಅತ್ತೆ ಕೇಳಲೇ ಇಲ್ಲ.

“ಅವ್ನು ಮಾತಾಡಿದ್ನಾ?”

“ಮಾತಾಡಿದ ಅತ್ತೆ.”

“ಮಧ್ಯದಲ್ಲಿ ಕೂತ್ನಾ?”

“ಇಲ್ಲ ಅತ್ತೆ. ಕೊನೇವರೆಗೂ ನಿಂತಿದ್ದ.”

ಆ ಕಡೆಯಿಂದ ಮೂಗು ಸೀಟಿದ್ದು ಕೇಳಿಸಿತು. “ಅವನ ಕೈಗೆ ಕೊಡು,” ಎಂದರು.

ಕೆಲೆಪಿ ಫೋನು ಹಿಡಿದು ನಿಂತ. ತಾಡಪಾಲಿನ ಕೆಳಗಿದ್ದವರೆಲ್ಲ ಇವನ ಕಡೆ ತಿರುಗಿದರು. ಇನ್ನೂರು ಜನರ ಮುಂದೆ ಇಪ್ಪತ್ತೈದು ನಿಮಿಷ ಮಾತಾಡಿ ಬಂದವನು ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿದ.

“ಊಟ ಆಯ್ತಾ ಅವ್ವಾ?” ಎಂದ.